ಒಂದೇ ಇ-ಮೇಲ್ ಖಾತೆಯನ್ನು ಒಂದಕ್ಕಿಂತ ಹೆಚ್ಚು ಗಣಕಯಂತ್ರಗಳಲ್ಲಿ ಬಳಸುವ ಕ್ರಮ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಇ-ಮೇಲ್ ಎಂಬುದು ಇಂದು ಕೇವಲ ಕುಶಲ ವಿಚಾರಿಸುವ ಸಾಧನವಾಗಿ ಉಳಿದಿಲ್ಲ. ಅರ್ಜಿಯ ಸ್ವೀಕೃತಿ, ನೇಮಕಾತಿ ಪತ್ರ, ವಿಮೆಯ ನವೀಕರಣ ಸೂಚನೆ, ಬ್ಯಾಂಕ್ ಖಾತೆಯ ವಿವರ, ಶಾಲಾ ಶುಲ್ಕದ ರಶೀದಿ ಮೊದಲಾದ ದಾಖಲೆಗಳು ಕಾಗದದ ಬದಲಾಗಿ ಇ-ಮೇಲ್ ಮೂಲಕವೇ ನಾಗರಿಕರನ್ನು ತಲುಪುತ್ತಿವೆ. ಇವುಗಳಲ್ಲಿ ಹಲವಕ್ಕೆ ಕೊನೆಯ ದಿನಾಂಕವಿರುತ್ತದೆ. ಸಕಾಲದಲ್ಲಿ ಪತ್ರವು ಕಣ್ಣಿಗೆ ಬೀಳದಿದ್ದಲ್ಲಿ ಆಗುವ ನಷ್ಟವನ್ನು ತುಂಬಿಕೊಳ್ಳುವುದು ಸುಲಭವಲ್ಲ.

ಬನಶಂಕರಿ 3ನೇ ಹಂತ, ಕತ್ರಿಗುಪ್ಪೆ, ಹೊಸಕೆರೆಹಳ್ಳಿಗಳ ನೆರೆಯಲ್ಲಿರುವ ಇಟ್ಟಮಡುವಿನಂತಹ ವಸತಿ ಪ್ರದೇಶದಲ್ಲಿ ಒಬ್ಬರೇ ವ್ಯಕ್ತಿ ಒಂದೇ ದಿನದಲ್ಲಿ ತಮ್ಮ ಖಾತೆಯನ್ನು ಮೂರು ನಾಲ್ಕು ಕಡೆ ತೆರೆಯುವುದು ಸಾಮಾನ್ಯ: ಮನೆಯ ಗಣಕಯಂತ್ರದಲ್ಲಿ, ಕಚೇರಿಯಲ್ಲಿ, ಕೈಯಲ್ಲಿರುವ ಮೊಬೈಲ್‌ನಲ್ಲಿ, ಹಾಗೂ ಮುದ್ರಿತ ಪ್ರತಿ ಬೇಕಾದಾಗ ರಸ್ತೆಯ ತಿರುವಿನ ಝೆರಾಕ್ಸ್ ಅಂಗಡಿಯಲ್ಲಿ. "ಒಂದು ಗಣಕಯಂತ್ರದಲ್ಲಿ ಓದಿದ ಪತ್ರವು ಇನ್ನೊಂದರಲ್ಲಿ ಏಕೆ ಕಾಣುತ್ತಿಲ್ಲ?" ಎಂಬ ಪ್ರಶ್ನೆ ಇಂತಹ ಬಳಕೆದಾರರಲ್ಲಿ ಏಳುವುದು ಸಹಜ. ಬಹುತೇಕ ಸಂದರ್ಭಗಳಲ್ಲಿ ಪತ್ರವು ಕಳೆದುಹೋಗಿರುವುದಿಲ್ಲ. ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಸಾಗಿಸಲ್ಪಟ್ಟಿರುತ್ತದೆ. ಹೀಗೇಕೆ ಆಗುತ್ತದೆ, ಇದನ್ನು ಸರಿಪಡಿಸುವ ಕ್ರಮವೇನು, ಮತ್ತು ವಹಿಸಬೇಕಾದ ಎಚ್ಚರಿಕೆಗಳೇನು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

1. ಪತ್ರದ ಮೂಲಪ್ರತಿ ಎಲ್ಲಿದೆ?

ಇ-ಮೇಲ್ ಕಳುಹಿಸಿದಾಗ ಅದು ನೇರವಾಗಿ ಸ್ವೀಕರಿಸುವವರ ಗಣಕಯಂತ್ರಕ್ಕೆ ಬರುವುದಿಲ್ಲ. ಮೊದಲು ಸೇವೆ ಒದಗಿಸುವ ಸಂಸ್ಥೆಯ ಸರ್ವರ್ ಎಂಬ ದೊಡ್ಡ ಗಣಕಯಂತ್ರಕ್ಕೆ ಬಂದು, ಅಲ್ಲಿ ಬಳಕೆದಾರರ ಹೆಸರಿನ ಪೆಟ್ಟಿಗೆಯಲ್ಲಿ ಶೇಖರವಾಗುತ್ತದೆ. ಬಳಕೆದಾರರ ಗಣಕಯಂತ್ರವು ಆ ಸರ್ವರನ್ನು ಸಂಪರ್ಕಿಸಿ ಪತ್ರವನ್ನು ಪಡೆಯುತ್ತದೆ. ಪಡೆದ ನಂತರ ಮೂಲಪ್ರತಿಯು ಸರ್ವರ್‌ನಲ್ಲಿ ಉಳಿಯುವುದೋ ಇಲ್ಲವೋ ಎಂಬುದೇ ಇಲ್ಲಿನ ಮುಖ್ಯ ವಿಷಯ.

ಅಂಚೆ ಕಚೇರಿಯ ಹೋಲಿಕೆಯಿಂದ ಇದನ್ನು ತಿಳಿಯಬಹುದು. ಅಂಚೆಯವರು ಪತ್ರವನ್ನು ಮನೆಗೆ ತಂದುಕೊಟ್ಟರೆ ಅಂಚೆ ಕಚೇರಿಯಲ್ಲಿ ಏನೂ ಉಳಿಯುವುದಿಲ್ಲ. ಪತ್ರವನ್ನು ಓದಬೇಕಾದರೆ ಆ ಮನೆಗೇ ಹೋಗಬೇಕು. ಇದಕ್ಕೆ ಬದಲಾಗಿ ಗ್ರಂಥಾಲಯದ ಪುಸ್ತಕವನ್ನು ಯಾರು ಬೇಕಾದರೂ ಅಲ್ಲಿಗೇ ಬಂದು ಓದಬಹುದು. ಪುಸ್ತಕವು ತನ್ನ ಸ್ಥಳದಲ್ಲಿಯೇ ಇರುತ್ತದೆ. ಇ-ಮೇಲ್ ಪಡೆಯುವ ಎರಡು ಪ್ರಮುಖ ವಿಧಾನಗಳ ನಡುವಿನ ವ್ಯತ್ಯಾಸವೂ ಇದೇ ರೀತಿಯದು.

2. ಹಿನ್ನೆಲೆ

ಗಣಕಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳುಹಿಸುವ ವ್ಯವಸ್ಥೆಯನ್ನು ಅಮೆರಿಕದ ರೇ ಟಾಮ್ಲಿನ್‌ಸನ್ ಅವರು 1971ರಲ್ಲಿ ರೂಪಿಸಿದರು. ಭಾರತದಲ್ಲಿ 1986ರಲ್ಲಿ ಆರಂಭವಾದ ಎರ್‌ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡಿತ್ತು. ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಆರಂಭಿಸಿತು.

ಆ ಕಾಲದಲ್ಲಿ ಅಂತರಜಾಲ ಸಂಪರ್ಕವು ದೂರವಾಣಿ ತಂತಿಯ ಮೂಲಕ ದೊರೆಯುತ್ತಿತ್ತು. ಸಂಪರ್ಕದಲ್ಲಿದ್ದಷ್ಟು ಕಾಲ ಶುಲ್ಕವೂ ಏರುತ್ತಿತ್ತು. ಸರ್ವರ್‌ನಲ್ಲಿ ಪ್ರತಿಯೊಬ್ಬರಿಗೆ ದೊರೆಯುತ್ತಿದ್ದ ಸ್ಥಳವೂ ಅತ್ಯಲ್ಪ. ಆದುದರಿಂದ ಸಂಪರ್ಕ ಸಾಧಿಸಿ, ಬಂದ ಪತ್ರಗಳನ್ನೆಲ್ಲ ಮನೆಯ ಗಣಕಯಂತ್ರಕ್ಕೆ ಇಳಿಸಿಕೊಂಡು, ಸರ್ವರನ್ನು ಬರಿದು ಮಾಡಿ, ಕೂಡಲೇ ಸಂಪರ್ಕ ಕಡಿದುಕೊಳ್ಳುವುದೇ ಜಾಣತನವಾಗಿತ್ತು. ಈ ಅಗತ್ಯಕ್ಕೆ ತಕ್ಕಂತೆ 1984ರಲ್ಲಿ ರೂಪುಗೊಂಡದ್ದು ಪಾಪ್ ಎಂಬ ವಿಧಾನ. ಮನೆಗೆ ಒಂದೇ ಗಣಕಯಂತ್ರವಿದ್ದ ಕಾಲದಲ್ಲಿ ಇದರಿಂದ ಯಾವ ತೊಂದರೆಯೂ ಇರಲಿಲ್ಲ.

ಒಂದೇ ಪೆಟ್ಟಿಗೆಯನ್ನು ಹಲವು ಯಂತ್ರಗಳಿಂದ ನೋಡುವ ಅಗತ್ಯವನ್ನು ಮನಗಂಡು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಅವರು 1986ರಲ್ಲಿ ಐಮ್ಯಾಪ್ ಎಂಬ ವಿಧಾನವನ್ನು ರೂಪಿಸಿದರು. ಹತ್ತು ವರ್ಷಗಳ ನಂತರ, 1996ರ ಜುಲೈ 4ರಂದು, ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಅವರು ಹಾಟ್‌ಮೇಲ್ ಸೇವೆಯನ್ನು ಆರಂಭಿಸಿದರು. ಉದ್ಯೋಗದ ಸ್ಥಳದಿಂದ ತಮ್ಮ ಖಾಸಗಿ ಇ-ಮೇಲ್ ಖಾತೆಗಳನ್ನು ತೆರೆಯಲು ಆಗದೆ ಪಟ್ಟ ತೊಂದರೆಯೇ ಬ್ರೌಸರ್ ಮೂಲಕ ಎಲ್ಲಿಂದಲಾದರೂ ಪತ್ರ ಓದುವ ಈ ಯೋಚನೆಗೆ ಕಾರಣವಾಯಿತು. ಸಬೀರ್ ಭಾಟಿಯಾ ಅವರು ಬೆಂಗಳೂರಿನ ಸೇಂಟ್ ಜೋಸೆಫ್ ಬಾಲಕರ ಪ್ರೌಢಶಾಲೆಯಲ್ಲಿ ವ್ಯಾಸಂಗ ಮಾಡಿದವರು. 2004ರ ಏಪ್ರಿಲ್ 1ರಂದು ಆರಂಭವಾದ ಜಿಮೇಲ್ ಪ್ರತಿ ಬಳಕೆದಾರರಿಗೆ 1 ಗಿಗಾಬೈಟ್ ಸ್ಥಳವನ್ನು ಒದಗಿಸಿತು. ಹೀಗಾಗಿ ಸ್ಥಳದ ಅಭಾವಕ್ಕಾಗಿ ಸರ್ವರ್‌ನಿಂದ ಪತ್ರಗಳನ್ನು ಅಳಿಸಬೇಕಾದ ಅನಿವಾರ್ಯತೆ ಬಹುಮಟ್ಟಿಗೆ ತಪ್ಪಿತು. ಆದರೂ ಹಳೆಯ ಗಣಕಯಂತ್ರಗಳಲ್ಲಿ ಹಳೆಯ ವ್ಯವಸ್ಥೆಯೇ ಮುಂದುವರಿದಿರುವುದುಂಟು. ತೊಂದರೆಯ ಮೂಲ ಬಹುಪಾಲು ಅಲ್ಲಿಯೇ ಇರುತ್ತದೆ.

3. ಇ-ಮೇಲ್ ಪಡೆಯುವ ಮೂರು ವಿಧಾನಗಳು

(ಅ) ಪಾಪ್ ವಿಧಾನ: ಗಣಕಯಂತ್ರದಲ್ಲಿರುವ ಇ-ಮೇಲ್ ತಂತ್ರಾಂಶವು ಸರ್ವರ್‌ನಿಂದ ಪತ್ರಗಳನ್ನು ತನ್ನಲ್ಲಿಗೆ ಇಳಿಸಿಕೊಳ್ಳುತ್ತದೆ. ಇಳಿಸಿಕೊಂಡ ಬಳಿಕ ಸರ್ವರ್‌ನಲ್ಲಿರುವ ಪ್ರತಿಯನ್ನು ಅಳಿಸುವುದು ಇದರ ಮೂಲ ರೂಢಿ. "ಸರ್ವರ್‌ನಲ್ಲಿ ಒಂದು ಪ್ರತಿಯನ್ನು ಉಳಿಸು" ಎಂಬ ಆಯ್ಕೆಯನ್ನು ಗುರುತು ಮಾಡಿದಲ್ಲಿ ಪ್ರತಿಯು ಉಳಿಯುತ್ತದೆ. ಆಗಲೂ ಯಾವ ಪತ್ರವನ್ನು ಓದಲಾಗಿದೆ, ಯಾವುದಕ್ಕೆ ಉತ್ತರ ಬರೆಯಲಾಗಿದೆ ಎಂಬ ಮಾಹಿತಿಯನ್ನು ಗಣಕಯಂತ್ರಗಳು ಹಂಚಿಕೊಳ್ಳುವುದಿಲ್ಲ. ಕಳುಹಿಸಿದ ಪತ್ರದ ಪ್ರತಿಯೂ ಸಾಮಾನ್ಯವಾಗಿ ಕಳುಹಿಸಿದ ಗಣಕಯಂತ್ರದಲ್ಲಿಯೇ ಉಳಿಯುತ್ತದೆ.

(ಆ) ಐಮ್ಯಾಪ್ ವಿಧಾನ: ಮೂಲಪ್ರತಿಯು ಸರ್ವರ್‌ನಲ್ಲಿಯೇ ಇರುತ್ತದೆ. ಪ್ರತಿಯೊಂದು ಗಣಕಯಂತ್ರವೂ ಅದೇ ಪೆಟ್ಟಿಗೆಯನ್ನು ತೋರಿಸುವ ಕಿಟಕಿಯಂತೆ ಕೆಲಸ ಮಾಡುತ್ತದೆ. ಮನೆಯಲ್ಲಿ ಓದಿದ ಪತ್ರವು ಕಚೇರಿಯಲ್ಲಿಯೂ ಓದಿದ್ದೆಂದೇ ಕಾಣುತ್ತದೆ. ಕಚೇರಿಯಲ್ಲಿ ಒಂದು ಫೋಲ್ಡರಿಗೆ ಸೇರಿಸಿದ ಪತ್ರವು ಮೊಬೈಲ್‌ನಲ್ಲಿಯೂ ಅದೇ ಫೋಲ್ಡರಿನಲ್ಲಿ ದೊರೆಯುತ್ತದೆ. ಅಂತೆಯೇ, ಒಂದು ಕಡೆ ಅಳಿಸಿದ ಪತ್ರವು ಎಲ್ಲ ಕಡೆಯಿಂದಲೂ ಅಳಿಸಿಹೋಗುತ್ತದೆ ಎಂಬುದನ್ನು ಮರೆಯತಕ್ಕದ್ದಲ್ಲ.

(ಇ) ಬ್ರೌಸರ್ ಮೂಲಕ: ಯಾವ ಇ-ಮೇಲ್ ತಂತ್ರಾಂಶವನ್ನೂ ಅಳವಡಿಸದೆ, ಸೇವೆಯ ಜಾಲತಾಣವನ್ನು ತೆರೆದು ಪತ್ರಗಳನ್ನು ಓದುವ ವಿಧಾನ. ಇಲ್ಲಿಯೂ ಮೂಲಪ್ರತಿಯು ಸರ್ವರ್‌ನಲ್ಲಿಯೇ ಇರುತ್ತದೆ. ಅಂತರಜಾಲ ಸಂಪರ್ಕ ಇಲ್ಲದಿರುವಾಗ ಸಾಮಾನ್ಯವಾಗಿ ಪತ್ರಗಳು ದೊರೆಯುವುದಿಲ್ಲ.

ಒಂದಕ್ಕಿಂತ ಹೆಚ್ಚು ಗಣಕಯಂತ್ರಗಳನ್ನು ಬಳಸುವವರಿಗೆ ಎರಡನೆಯ ಮತ್ತು ಮೂರನೆಯ ವಿಧಾನಗಳು ಸೂಕ್ತ. ಇವೆರಡನ್ನೂ ಒಟ್ಟಿಗೆ ಬಳಸುವುದರಿಂದ ಯಾವ ಗೊಂದಲವೂ ಉಂಟಾಗುವುದಿಲ್ಲ.

4. ಒಂದು ಉದಾಹರಣೆ

ಇಟ್ಟಮಡುವಿನ ಸ್ವಂತ ಮನೆಯಲ್ಲಿ ವಾಸವಿರುವ ನಿವೃತ್ತ ಶಿಕ್ಷಕರೊಬ್ಬರು ಬಹಳ ವರ್ಷಗಳಿಂದ ಒಂದೇ ಇ-ಮೇಲ್ ವಿಳಾಸವನ್ನು ಬಳಸುತ್ತಿದ್ದಾರೆಂದು ಭಾವಿಸೋಣ. ಮನೆಯ ಮೇಜಿನ ಮೇಲಿರುವ ಗಣಕಯಂತ್ರದಲ್ಲಿ ಪಾಪ್ ವಿಧಾನವಿದ್ದು, ಅದು ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಪತ್ರಗಳನ್ನು ಇಳಿಸಿಕೊಂಡು ಸರ್ವರ್‌ನಿಂದ ಅಳಿಸುತ್ತದೆ. ಮೈಸೂರಿನಲ್ಲಿರುವ ಮಗಳು ತಂದೆಯ ಆರೋಗ್ಯ ವಿಮೆಯ ಕಂತನ್ನು ಪ್ರತಿ ವರ್ಷ ಕಟ್ಟುವ ಹೊಣೆ ಹೊತ್ತಿದ್ದಾರೆ. ಅದಕ್ಕಾಗಿ ತಂದೆಯ ಒಪ್ಪಿಗೆಯಿಂದ ಅದೇ ಖಾತೆಯನ್ನು ಬ್ರೌಸರ್ ಮೂಲಕ ಆಗಾಗ್ಗೆ ನೋಡುತ್ತಾರೆ.

ವಿಮಾ ಸಂಸ್ಥೆಯಿಂದ ನವೀಕರಣದ ಸೂಚನೆ ಬರುತ್ತದೆ. ಮೇಜಿನ ಗಣಕಯಂತ್ರವು ಕೆಲವೇ ನಿಮಿಷಗಳಲ್ಲಿ ಅದನ್ನು ಇಳಿಸಿಕೊಳ್ಳುತ್ತದೆ. ಮಗಳು ಸಂಜೆ ಖಾತೆಯನ್ನು ತೆರೆದಾಗ ಪೆಟ್ಟಿಗೆ ಬರಿದಾಗಿರುತ್ತದೆ. ಸೂಚನೆ ಇನ್ನೂ ಬಂದಿಲ್ಲವೆಂದು ಅವರು ತಿಳಿಯುತ್ತಾರೆ. ಇತ್ತ ತಂದೆಯು, ಮಗಳು ನೋಡಿಕೊಂಡಿರುತ್ತಾಳೆಂಬ ನಂಬಿಕೆಯಿಂದ, ಆ ಪತ್ರವನ್ನು ತೆರೆಯುವುದಿಲ್ಲ. ಕೊನೆಯ ದಿನಾಂಕ ಕಳೆದುಹೋಗುತ್ತದೆ. ಮುಂದೆ ಆಸ್ಪತ್ರೆಗೆ ಸೇರಬೇಕಾದ ಸಂದರ್ಭ ಬಂದಾಗ ವಿಮೆ ಚಾಲ್ತಿಯಲ್ಲಿಲ್ಲವೆಂಬುದು ತಿಳಿಯುತ್ತದೆ.

ಇಲ್ಲಿ ವಿಮಾ ಸಂಸ್ಥೆಯೂ ತಪ್ಪಿಲ್ಲ, ತಂದೆಯೂ ತಪ್ಪಿಲ್ಲ, ಮಗಳೂ ತಪ್ಪಿಲ್ಲ. ಪತ್ರದ ಮೂಲಪ್ರತಿಯು ಇಬ್ಬರಿಗೂ ಕಾಣುವ ಸ್ಥಳದಲ್ಲಿ ಇರಲಿಲ್ಲ ಎಂಬುದಷ್ಟೇ ಲೋಪ. ಹತ್ತು ಯಂತ್ರಗಳಲ್ಲಿ ಒಂಬತ್ತನ್ನು ಸರಿಪಡಿಸಿ ಒಂದನ್ನು ಮಾತ್ರ ಹಳೆಯ ಪಾಪ್ ವಿಧಾನದಲ್ಲಿ, ಪ್ರತಿ ಉಳಿಸದಂತೆ ಬಿಟ್ಟರೂ ಉಳಿದ ಒಂಬತ್ತರಲ್ಲಿ ಪತ್ರಗಳು ಮಾಯವಾಗುತ್ತಲೇ ಇರುತ್ತವೆ. ಆದುದರಿಂದ ಖಾತೆಯನ್ನು ತೆರೆಯುವ ಎಲ್ಲ ಯಂತ್ರಗಳನ್ನೂ ಪಟ್ಟಿ ಮಾಡಿ ಪರಿಶೀಲಿಸತಕ್ಕದ್ದು.

5. ಪಾಪ್ ವಿಧಾನದಿಂದ ಐಮ್ಯಾಪ್ ವಿಧಾನಕ್ಕೆ ಬದಲಾಯಿಸುವ ಕ್ರಮ

ಬದಲಾವಣೆಯನ್ನು ಅವಸರದಲ್ಲಿ ಮಾಡಬಾರದು. ಹಳೆಯ ಪತ್ರಗಳ ಏಕೈಕ ಪ್ರತಿಯು ಆ ಹಳೆಯ ಗಣಕಯಂತ್ರದಲ್ಲಿಯೇ ಇರುವ ಸಾಧ್ಯತೆಯಿದೆ. ಈ ಕೆಳಕಂಡ ಕ್ರಮವನ್ನು ಅನುಸರಿಸುವುದು ಸೂಕ್ತ.

1) ಹಳೆಯ ಗಣಕಯಂತ್ರದಲ್ಲಿ ಪತ್ರಗಳು ತಾವಾಗಿಯೇ ಇಳಿಯುವ ವ್ಯವಸ್ಥೆಯನ್ನು ಮೊದಲು ನಿಲ್ಲಿಸಿ. ಅಲ್ಲಿಯವರೆಗೆ ಇಳಿದಿರುವ ಎಲ್ಲ ಪತ್ರಗಳ ಒಂದು ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ.

2) ತಂತ್ರಾಂಶದಿಂದ ಹಳೆಯ ಖಾತೆಯನ್ನು ಕೂಡಲೇ ತೆಗೆದುಹಾಕಬೇಡಿ. ಕೆಲವು ತಂತ್ರಾಂಶಗಳಲ್ಲಿ ಖಾತೆಯನ್ನು ತೆಗೆದಾಗ ಅದರೊಂದಿಗೆ ಪತ್ರಗಳೂ ಹೋಗುತ್ತವೆ.

3) ಬ್ರೌಸರ್ ಮೂಲಕ ಖಾತೆಯನ್ನು ತೆರೆದು, ಸೆಟ್ಟಿಂಗ್‌ಗಳಲ್ಲಿ ಐಮ್ಯಾಪ್ ಸೌಲಭ್ಯವು ಚಾಲನೆಯಲ್ಲಿದೆಯೇ ಎಂದು ನೋಡಿ. ಕೆಲವು ಸೇವೆಗಳಲ್ಲಿ ಅದು ಸದಾ ಚಾಲನೆಯಲ್ಲಿರುತ್ತದೆ; ಇನ್ನು ಕೆಲವುಗಳಲ್ಲಿ ಬಳಕೆದಾರರೇ ಅದನ್ನು ಆರಂಭಿಸಬೇಕು. ಹಳೆಯ ಪತ್ರಗಳಿಗೆ ಬೇಕಾಗುವಷ್ಟು ಸ್ಥಳ ಸರ್ವರ್‌ನಲ್ಲಿ ಇದೆಯೇ ಎಂಬುದನ್ನೂ ಇದೇ ವೇಳೆ ಪರಿಶೀಲಿಸಿ.

4) ಅದೇ ಇ-ಮೇಲ್ ವಿಳಾಸವನ್ನು ತಂತ್ರಾಂಶದಲ್ಲಿ ಹೊಸ ಖಾತೆಯಾಗಿ ಸೇರಿಸಿ, ವಿಧಾನವನ್ನು ಕೇಳಿದಾಗ ಐಮ್ಯಾಪ್ ಎಂದು ಆಯ್ಕೆ ಮಾಡಿ. ಬಹುತೇಕ ಪ್ರಚಲಿತ ಸೇವೆಗಳ ವಿವರಗಳನ್ನು ತಂತ್ರಾಂಶವೇ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳದಿದ್ದಲ್ಲಿ, ಸುರಕ್ಷಿತ ಸಂಪರ್ಕಕ್ಕೆ ಐಮ್ಯಾಪ್‌ನ ಪೋರ್ಟ್ ಸಂಖ್ಯೆ 993. ಪತ್ರ ಕಳುಹಿಸಲು ಸೇವೆಗೆ ಅನುಗುಣವಾಗಿ 465 ಅಥವಾ 587 ಸಂಖ್ಯೆಯನ್ನು ನಮೂದಿಸಬೇಕು. ಪೋರ್ಟ್ ಸಂಖ್ಯೆ 995 ಎಂದಿದ್ದರೆ ಅದು ಪಾಪ್ ವಿಧಾನವೆಂದು ತಿಳಿಯಿರಿ.

5) ಹೊಸ ಖಾತೆ ತೆರೆದುಕೊಂಡ ನಂತರ ಹಳೆಯ ಪತ್ರಗಳನ್ನು ಅದರೊಳಗಿನ ಒಂದು ಫೋಲ್ಡರಿಗೆ ನಕಲು ಮಾಡಿ. ಹೀಗೆ ಮಾಡಿದಾಗ ಅವು ಸರ್ವರಿಗೆ ಏರುತ್ತವೆ. ಸಾವಿರಾರು ಪತ್ರಗಳನ್ನು ಒಂದೇ ಬಾರಿಗೆ ಸಾಗಿಸದೆ, ವರ್ಷವಾರು ಅಥವಾ ಸಣ್ಣ ಗುಂಪುಗಳಾಗಿ ಸಾಗಿಸಿ.

6) ಇನ್ನೊಂದು ಗಣಕಯಂತ್ರದಲ್ಲಿ ಬ್ರೌಸರ್ ಮೂಲಕ ಖಾತೆಯನ್ನು ತೆರೆದು, ಪತ್ರಗಳೂ ಅವುಗಳ ಲಗತ್ತುಗಳೂ ಸರಿಯಾಗಿ ಬಂದಿವೆಯೇ ಎಂದು ನೋಡಿ.

7) ಕಚೇರಿ, ಲ್ಯಾಪ್‌ಟಾಪ್, ಮೊಬೈಲ್ ಸೇರಿದಂತೆ ಉಳಿದ ಕಡೆಗಳಲ್ಲಿಯೂ ಐಮ್ಯಾಪ್ ವಿಧಾನವನ್ನೇ ಅಳವಡಿಸಿ. ಒಂದೆರಡು ತಿಂಗಳು ತೊಂದರೆಯಿಲ್ಲದೆ ನಡೆದ ಮೇಲೆ ಹಳೆಯ ಪಾಪ್ ಖಾತೆಯನ್ನು ತೆಗೆದುಹಾಕಬಹುದು.

ಪರೀಕ್ಷೆಯ ಸರಳ ವಿಧಾನ: ನಿಮಗೆ ನೀವೇ ಒಂದು ಪತ್ರವನ್ನು ಕಳುಹಿಸಿಕೊಳ್ಳಿ. ಮನೆಯ ಗಣಕಯಂತ್ರದಲ್ಲಿ ಅದನ್ನು ಓದಿ. ನಂತರ ಮೊಬೈಲ್‌ನಲ್ಲಿ ನೋಡಿದಾಗ ಆ ಪತ್ರವು ಅಲ್ಲಿ ಇದ್ದು, ಓದಿದ್ದೆಂದು ಕಾಣಿಸಿದರೆ ವ್ಯವಸ್ಥೆ ಸರಿಯಾಗಿದೆ.

ಹಳೆಯ ಯಂತ್ರಗಳ ಬಗ್ಗೆ: ವಿಂಡೋಸ್ ಎಕ್ಸ್‌ಪಿ ಜೊತೆಗೆ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್‌ನಂತಹ ತಂತ್ರಾಂಶಗಳು ಇಂದಿನ ಸುರಕ್ಷತಾ ವಿಧಾನಗಳಿಗೆ ಹೊಂದಿಕೊಳ್ಳುವುದಿಲ್ಲ. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ರಂದು ಕೊನೆಗೊಂಡಿತು. ಕೇವಲ ಹೆಸರು ಮತ್ತು ಪಾಸ್‌ವರ್ಡ್ ನೀಡಿ ಹಳೆಯ ತಂತ್ರಾಂಶಗಳಿಂದ ಖಾತೆ ತೆರೆಯುವ ಅವಕಾಶವನ್ನು ಗೂಗಲ್ ಸಂಸ್ಥೆಯು ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಇಂತಹ ಯಂತ್ರದಲ್ಲಿ ಪತ್ರಗಳು ಬರುವುದು ನಿಂತುಹೋಗಿದ್ದರೆ ಯಂತ್ರವನ್ನು ಮೂಲೆಗೆ ಹಾಕುವ ಅಥವಾ ಗುಜರಿಗೆ ಕೊಡುವ ಮೊದಲು ಅದರೊಳಗಿರುವ ಪತ್ರಗಳನ್ನು ಹೊರತೆಗೆಯಿರಿ.

6. ಎಲ್ಲ ಕಡೆ ಕಾಣುವುದು ಬೇರೆ, ಕಾಯ್ದಿಟ್ಟ ಪ್ರತಿ ಬೇರೆ

ಐಮ್ಯಾಪ್ ಅಳವಡಿಸಿದ ನಂತರ ಒಂದೇ ಪತ್ರವು ನಾಲ್ಕು ಯಂತ್ರಗಳಲ್ಲಿ ಕಾಣುತ್ತದೆ. ಇದರಿಂದ ತಮ್ಮ ಬಳಿ ನಾಲ್ಕು ಪ್ರತಿಗಳಿವೆ ಎಂದು ಭಾವಿಸುವುದು ಸರಿಯಲ್ಲ. ಅವು ಒಂದೇ ಮೂಲಪ್ರತಿಯ ನಾಲ್ಕು ನೋಟಗಳು. ಮನೆಯಲ್ಲಿ ಮಗುವಿನ ಕೈತಪ್ಪಿ ಒಂದು ಫೋಲ್ಡರ್ ಅಳಿಸಿಹೋದರೆ ಅದು ನಾಲ್ಕೂ ಕಡೆ ಅಳಿಸಿಹೋಗುತ್ತದೆ. ಜಿಮೇಲ್‌ನಲ್ಲಿ ಅಳಿಸಿದ ಪತ್ರವು ಸಾಮಾನ್ಯವಾಗಿ 30 ದಿನಗಳವರೆಗೆ ಕಸದ ಪೆಟ್ಟಿಗೆಯಲ್ಲಿದ್ದು, ನಂತರ ಶಾಶ್ವತವಾಗಿ ಹೋಗುತ್ತದೆ.

ಈ ಕಾರಣದಿಂದ ಮುಖ್ಯ ದಾಖಲೆಗಳ ಒಂದು ಪ್ರತಿಯನ್ನು ಇ-ಮೇಲ್ ವ್ಯವಸ್ಥೆಯ ಹೊರಗೆ ಇರಿಸುವುದು ಅಗತ್ಯ. ನೇಮಕಾತಿ ಪತ್ರ, ವಿಮಾ ಪತ್ರ, ತೆರಿಗೆ ರಶೀದಿ ಮುಂತಾದವುಗಳನ್ನು ಪಿಡಿಎಫ್ ರೂಪದಲ್ಲಿ ಉಳಿಸಿ ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿಡಬಹುದು. ಮುದ್ರಿಸಿ ಕಡತದಲ್ಲಿಯೂ ಇಡಬಹುದು. ಇಡೀ ಖಾತೆಯ ಪತ್ರಗಳನ್ನು ಒಟ್ಟಿಗೆ ಪಡೆಯುವ ಸೌಲಭ್ಯವನ್ನೂ ಕೆಲವು ಸೇವೆಗಳು ಒದಗಿಸಿವೆ. ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡುವುದು ಒಳ್ಳೆಯದು.

ಇನ್ನೆರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಗೂಗಲ್ ಖಾತೆಯಲ್ಲಿ ಉಚಿತವಾಗಿ ದೊರೆಯುತ್ತಿರುವ ಸ್ಥಳವು ಇ-ಮೇಲ್‌ಗೆ ಮಾತ್ರ ಮೀಸಲಲ್ಲ. ಛಾಯಾಚಿತ್ರಗಳು ಮತ್ತು ಇತರ ಕಡತಗಳೂ ಅದರಲ್ಲಿಯೇ ಸೇರುತ್ತವೆ. ಮೊಬೈಲ್‌ನಲ್ಲಿ ತೆಗೆದ ಮದುವೆಯ ಚಿತ್ರಗಳಿಂದ ಸ್ಥಳ ತುಂಬಿಹೋದರೆ ಹೊಸ ಪತ್ರಗಳು ಬರುವುದೂ ನಿಲ್ಲುತ್ತದೆ. ಎರಡನೆಯದಾಗಿ, ಎರಡು ವರ್ಷಗಳ ಕಾಲ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ ಸಂಸ್ಥೆಯು 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಅಪರೂಪಕ್ಕೆ ಬಳಸುವ ಖಾತೆಯನ್ನು ಆಗಾಗ್ಗೆ ತೆರೆಯುತ್ತಿರಿ.

7. ಕನ್ನಡ ಅಕ್ಷರಗಳು ಬೇರೆ ಗಣಕಯಂತ್ರದಲ್ಲಿ ಕಾಣದಿರುವುದು

ಪತ್ರವು ಎರಡೂ ಕಡೆ ತಲುಪಿದ್ದರೂ ಒಂದು ಗಣಕಯಂತ್ರದಲ್ಲಿ ಕನ್ನಡವಾಗಿ ಕಂಡ ಲಗತ್ತು ಇನ್ನೊಂದರಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳಾಗಿ ಕಾಣುವುದುಂಟು. ಹಳೆಯ ಕನ್ನಡ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ನಿಗದಿಯಾದ ಸಂಕೇತಗಳ ಸ್ಥಾನದಲ್ಲಿಯೇ ಕನ್ನಡ ಅಕ್ಷರಗಳ ಆಕಾರಗಳನ್ನು ಇರಿಸಲಾಗಿತ್ತು. ಆ ಫಾಂಟ್ ಇಲ್ಲದ ಗಣಕಯಂತ್ರಕ್ಕೆ ಅದು ಕನ್ನಡವೆಂದು ತಿಳಿಯುವುದಿಲ್ಲ. ಇದು ಪತ್ರ ಕೆಟ್ಟುಹೋದ ಲಕ್ಷಣವಲ್ಲ. ಸೂಕ್ತ ಫಾಂಟ್ ಅಳವಡಿಸಿದರೆ ಅದೇ ಕಡತವನ್ನು ಓದಬಹುದು. ಆದುದರಿಂದ ಅಂತಹ ಪತ್ರವನ್ನು ನಿರುಪಯುಕ್ತವೆಂದು ಅಳಿಸಬೇಡಿ.

ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಆದ ಸಂಕೇತವಿದೆ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವು ಸೇರಿತ್ತು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಮತ್ತು ಶೇಷಾದ್ರಿವಾಸು ಅವರು ರೂಪಿಸಿದ ಬರಹ ತಂತ್ರಾಂಶಗಳ ನಂತರದ ಆವೃತ್ತಿಗಳಲ್ಲಿ ಯೂನಿಕೋಡ್‌ನಲ್ಲಿ ಬರೆಯುವ ಸೌಲಭ್ಯವೂ ಒದಗಿತು. ಬೇರೆ ಬೇರೆ ಗಣಕಯಂತ್ರಗಳಲ್ಲಿ ತೆರೆಯಬೇಕಾದ ಪತ್ರಗಳನ್ನು ಯೂನಿಕೋಡ್‌ನಲ್ಲಿಯೇ ಬರೆಯಿರಿ. ಹಳೆಯ ಫಾಂಟ್‌ನಲ್ಲಿರುವ ಅರ್ಜಿ, ಆಹ್ವಾನ ಪತ್ರಿಕೆ ಮೊದಲಾದವುಗಳನ್ನು ಕಳುಹಿಸುವಾಗ ಫಾಂಟ್ ಒಳಗೊಂಡ ಪಿಡಿಎಫ್ ರೂಪಕ್ಕೆ ಪರಿವರ್ತಿಸಿ ಲಗತ್ತಿಸಿ.

8. ಝೆರಾಕ್ಸ್ ಅಂಗಡಿ ಮತ್ತು ಬ್ರೌಸಿಂಗ್ ಕೇಂದ್ರಗಳಲ್ಲಿ ವಹಿಸಬೇಕಾದ ಎಚ್ಚರಿಕೆ

ಎಲ್ಲಿಂದಲಾದರೂ ತೆರೆಯಬಹುದಾದ ಪೆಟ್ಟಿಗೆಯನ್ನು ಎಲ್ಲಿಯಾದರೂ ತೆರೆದಿಟ್ಟು ಬರುವ ಅಪಾಯವೂ ಇದೆ. ಅಂಗಡಿಯ ಗಣಕಯಂತ್ರದಲ್ಲಿ ಖಾತೆಯನ್ನು ತೆರೆದು, ಮುದ್ರಣ ಮುಗಿದ ಕೂಡಲೇ ಕೇವಲ ಕಿಟಕಿಯನ್ನು ಮುಚ್ಚಿ ಬಂದರೆ ಖಾತೆಯು ತೆರೆದೇ ಇರಬಹುದು. ನಂತರ ಬರುವ ಅಪರಿಚಿತರು ಪತ್ರಗಳನ್ನು ಓದಬಹುದು. ಬ್ಯಾಂಕ್ ಹಾಗೂ ಇತರ ಸೇವೆಗಳ ಪಾಸ್‌ವರ್ಡ್‌ಗಳನ್ನು ಅದೇ ಇ-ಮೇಲ್ ಮೂಲಕ ಬದಲಾಯಿಸಲು ಯತ್ನಿಸಬಹುದು. ಆದುದರಿಂದ ಈ ಅಂಶಗಳನ್ನು ಪಾಲಿಸಿ.

1) ಮುದ್ರಣ ಮಾತ್ರ ಬೇಕಿದ್ದಲ್ಲಿ ಅಂಗಡಿಯ ಗಣಕಯಂತ್ರದಲ್ಲಿ ಖಾತೆಯನ್ನು ತೆರೆಯಬೇಡಿ. ಬೇಕಾದ ಒಂದು ಕಡತವನ್ನು ಮಾತ್ರ ಪೆನ್‌ಡ್ರೈವ್‌ನಲ್ಲಿ ಕೊಂಡೊಯ್ಯಿರಿ ಅಥವಾ ಮೊಬೈಲ್‌ನಿಂದಲೇ ಅಂಗಡಿಯ ವಿಳಾಸಕ್ಕೆ ಕಳುಹಿಸಿ. ಮುದ್ರಣವಾದ ಮೇಲೆ ನಿಮ್ಮ ಎದುರಿನಲ್ಲಿಯೇ ಅದನ್ನು ಅಳಿಸಲು ವಿನಂತಿಸಿ.

2) ಆಧಾರ್ ಪ್ರತಿಯನ್ನು ಹೀಗೆ ಕಳುಹಿಸಬೇಕಾದಾಗ, ಸಾಧ್ಯವಿರುವೆಡೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಬಳಸಿ.

3) ಖಾತೆಯನ್ನು ತೆರೆಯಲೇಬೇಕಾದರೆ ಬ್ರೌಸರ್‌ನ ಖಾಸಗಿ ಕಿಟಕಿಯನ್ನು ಬಳಸಿ. "ಪಾಸ್‌ವರ್ಡ್ ಉಳಿಸಬೇಕೇ?" ಎಂದು ಕೇಳಿದಾಗ "ಬೇಡ" ಎಂದು ಆಯ್ಕೆ ಮಾಡಿ. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ, ಇಳಿಸಿಕೊಂಡ ಕಡತಗಳನ್ನು ಅಳಿಸಿ.

4) ಲಾಗ್‌ಔಟ್ ಮಾಡಲು ಮರೆತಿದ್ದಲ್ಲಿ ಮನೆಯಿಂದಲೇ ಖಾತೆಯ ಭದ್ರತಾ ಪುಟವನ್ನು ತೆರೆಯಿರಿ. ಖಾತೆಯು ಯಾವ ಯಂತ್ರಗಳಲ್ಲಿ ತೆರೆದಿದೆ ಎಂಬ ಪಟ್ಟಿ ಅಲ್ಲಿ ದೊರೆಯುತ್ತದೆ. ನಿಮ್ಮದಲ್ಲದ ಯಂತ್ರಗಳಿಂದ ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿ.

ಸೈಬರ್ ಕೆಫೆಗಳಿಗೆ ಸಂಬಂಧಿಸಿದ 2011ರ ಕೇಂದ್ರ ನಿಯಮಗಳ ಪ್ರಕಾರ ಬಳಕೆದಾರರ ಗುರುತನ್ನು ಖಚಿತಪಡಿಸಿಕೊಂಡು, ಬಳಕೆಯ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾಯ್ದಿಡುವುದು ಕೆಫೆಯವರ ಹೊಣೆ. ಗುರುತಿನ ಚೀಟಿ ಕೇಳಿದಾಗ ಸಹಕರಿಸಿ.

9. ಎರಡು ಹಂತದ ದೃಢೀಕರಣ ಮತ್ತು ಪ್ರವಾಸ

ಹೊಸ ಗಣಕಯಂತ್ರದಲ್ಲಿ ಖಾತೆಯನ್ನು ತೆರೆದಾಗ ಪಾಸ್‌ವರ್ಡ್ ಜೊತೆಗೆ ಮೊಬೈಲ್‌ಗೆ ಬರುವ ಸಂಕೇತ ಸಂಖ್ಯೆಯನ್ನೂ ಕೇಳಬಹುದು. ಇದು ಖಾತೆಯ ರಕ್ಷಣೆಗಾಗಿ ಇರುವ ವ್ಯವಸ್ಥೆ. ಇದನ್ನು ತೊಡಕೆಂದು ಭಾವಿಸಿ ತೆಗೆದುಹಾಕಬಾರದು. ಈ ಸಂಖ್ಯೆಯನ್ನು ಯಾರಿಗೂ ದೂರವಾಣಿಯಲ್ಲಿ ಹೇಳಬಾರದು.

ವಿದೇಶದಲ್ಲಿರುವ ಮಕ್ಕಳ ಮನೆಗೆ ಕೆಲವು ತಿಂಗಳ ಮಟ್ಟಿಗೆ ಹೋಗುವ ಹಿರಿಯರು ಈ ವಿಷಯದಲ್ಲಿ ಮುಂಜಾಗ್ರತೆ ವಹಿಸಬೇಕು. ಅಲ್ಲಿ ಮಗನ ಅಥವಾ ಮಗಳ ಗಣಕಯಂತ್ರದಲ್ಲಿ ಖಾತೆಯನ್ನು ತೆರೆಯಲು ಹೋದಾಗ ಸಂಕೇತ ಸಂಖ್ಯೆಯು ಇಲ್ಲಿನ ಸಿಮ್‌ಗೆ ಬರುತ್ತದೆ. ಆ ಸಿಮ್ ಅಲ್ಲಿ ಕೆಲಸ ಮಾಡದಿದ್ದರೆ ಖಾತೆಯೇ ತೆರೆಯುವುದಿಲ್ಲ. ಹೊರಡುವ ಮೊದಲು ಖಾತೆಯ ಭದ್ರತಾ ಪುಟದಿಂದ ಬದಲಿ ಸಂಕೇತಗಳನ್ನು ಪಡೆದು, ಕಾಗದದ ಮೇಲೆ ಬರೆದು, ಪಾಸ್‌ಪೋರ್ಟ್‌ನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ. ಮೊಬೈಲ್ ಸಂಖ್ಯೆ ಬದಲಾದಾಗಲೂ ಹಳೆಯ ಸಂಖ್ಯೆ ಕೈಬಿಡುವ ಮೊದಲೇ ಖಾತೆಯಲ್ಲಿ ಹೊಸದನ್ನು ನಮೂದಿಸಿ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕುಟುಂಬದ ಎಲ್ಲರೂ ಒಂದೇ ಖಾತೆಯನ್ನು ಬಳಸಬಹುದೇ?
ಉತ್ತರ: ತಾಂತ್ರಿಕವಾಗಿ ಸಾಧ್ಯ, ಆದರೆ ಒಬ್ಬರು ಅಳಿಸಿದ ಪತ್ರ ಇನ್ನೊಬ್ಬರಿಗೆ ದೊರೆಯುವುದಿಲ್ಲ. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆಯಿದ್ದು, ಅಗತ್ಯವಾದ ಪತ್ರಗಳ ಪ್ರತಿ ಮಾತ್ರ ಮನೆಯ ಇನ್ನೊಬ್ಬರಿಗೆ ತಾನಾಗಿಯೇ ಹೋಗುವಂತೆ ಏರ್ಪಾಟು ಮಾಡುವುದು ಉತ್ತಮ. ಮೇಲಿನ ಉದಾಹರಣೆಯ ತಂದೆ-ಮಗಳಿಗೂ ಇದೇ ಸೂಕ್ತ ಮಾರ್ಗ.

ಪ್ರಶ್ನೆ: ಐಮ್ಯಾಪ್ ಅಳವಡಿಸಿದರೂ ವಿಳಾಸ ಪುಸ್ತಕವು ಇನ್ನೊಂದು ಗಣಕಯಂತ್ರದಲ್ಲಿ ಕಾಣುತ್ತಿಲ್ಲ. ಏಕೆ?
ಉತ್ತರ: ಐಮ್ಯಾಪ್ ಪತ್ರಗಳಿಗೆ ಮಾತ್ರ ಸಂಬಂಧಿಸಿದ ವಿಧಾನ. ವಿಳಾಸಗಳು ಮತ್ತು ದಿನದರ್ಶಿಕೆಯ ಹೊಂದಾಣಿಕೆಯನ್ನು ತಂತ್ರಾಂಶದಲ್ಲಿ ಪ್ರತ್ಯೇಕವಾಗಿ ಆರಂಭಿಸಬೇಕು.

ಪ್ರಶ್ನೆ: ಕಚೇರಿಯ ಗಣಕಯಂತ್ರದಲ್ಲಿ ಸ್ವಂತ ಖಾತೆಯನ್ನು ಅಳವಡಿಸಬಹುದೇ?
ಉತ್ತರ: ಕಚೇರಿಯ ನಿಯಮಗಳು ಅನುಮತಿಸಿದರೆ ಮಾತ್ರ. ಬ್ರೌಸರ್ ಮೂಲಕ ನೋಡಿ ಲಾಗ್‌ಔಟ್ ಮಾಡುವುದು ಹೆಚ್ಚು ಕ್ಷೇಮ. ಉದ್ಯೋಗ ಬದಲಾಯಿಸುವಾಗ ಆ ಯಂತ್ರದಿಂದ ಖಾತೆಯನ್ನು ತೆಗೆದುಹಾಕಲು ಮರೆಯಬೇಡಿ.

ಪ್ರಶ್ನೆ: ನನ್ನ ಖಾತೆಯನ್ನು ಬೇರೆಯವರು ಬಳಸುತ್ತಿರುವ ಸಂಶಯವಿದೆ. ಏನು ಮಾಡಬೇಕು?
ಉತ್ತರ: ಕೂಡಲೇ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಯಂತ್ರಗಳಿಂದ ಲಾಗ್‌ಔಟ್ ಮಾಡಿ. ನಿಮ್ಮ ಪತ್ರಗಳು ಅಪರಿಚಿತ ವಿಳಾಸಕ್ಕೆ ಹೋಗುವಂತೆ ಏರ್ಪಾಟು ಮಾಡಲಾಗಿದೆಯೇ ಎಂಬುದನ್ನೂ ಪರಿಶೀಲಿಸಿ. ಮತ್ತೊಬ್ಬರ ಪಾಸ್‌ವರ್ಡ್ ಅನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 66ಸಿ ಅನ್ವಯ ಮೂರು ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾದ ಅಪರಾಧ. ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ. ಇತರ ದೂರುಗಳನ್ನು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ದಾಖಲಿಸಬಹುದು.

ಸಾರಾಂಶ

ಮೂಲಪ್ರತಿಯು ಸರ್ವರ್‌ನಲ್ಲಿರಲಿ, ಸ್ವಂತ ಗಣಕಯಂತ್ರಗಳೆಲ್ಲವೂ ಐಮ್ಯಾಪ್ ಅಥವಾ ಬ್ರೌಸರ್ ಮೂಲಕ ಅದನ್ನೇ ನೋಡುವಂತಿರಲಿ, ಮುಖ್ಯ ದಾಖಲೆಗಳ ಒಂದು ಪ್ರತಿ ಹೊರಗೆ ಬೇರೆಯಾಗಿ ಇರಲಿ, ಪರರ ಗಣಕಯಂತ್ರದಲ್ಲಿ ಖಾತೆಯು ತೆರೆದು ಉಳಿಯದಿರಲಿ. ಈ ನಾಲ್ಕು ಅಂಶಗಳನ್ನು ಪಾಲಿಸಿದಲ್ಲಿ ಮನೆಯಲ್ಲಿದ್ದರೂ ಊರಾಚೆ ಇದ್ದರೂ ತಮಗೆ ಬಂದ ಪತ್ರವು ಸಕಾಲದಲ್ಲಿ ತಮಗೆ ದೊರೆಯುತ್ತದೆ. ಮನೆಯ ಹಳೆಯ ಗಣಕಯಂತ್ರದಲ್ಲಿ ಪಾಪ್ ವಿಧಾನವಿದೆಯೇ ಎಂಬುದನ್ನು ಪರಿಶೀಲಿಸುವ ಮೂಲಕ ಈ ಕಾರ್ಯವನ್ನು ಇಂದೇ ಆರಂಭಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.